ಲಿಯಾಂಡರನ ದಾರಿ, ಹೀರೋಳ ದೀಪ

ಏಷ್ಯಾ ಖಂಡಕ್ಕೂ ಯೂರೋಪು ಖಂಡಕ್ಕೂ ನಡುವೆ ಒಂದು ನೀರಿನ ಓಣಿಯಿದೆ. ಇಂದಿನ ಭೂಪಟಗಳಲ್ಲಿ ಅದರ ಹೆಸರು ಡಾರ್ಡನೆಲ್ಸ್; ತುರ್ಕಿಯ ಜನ ಅದನ್ನು ಚನಕ್ಕಲೆ ಜಲಸಂಧಿ ಎನ್ನುತ್ತಾರೆ; ಪ್ರಾಚೀನ ಗ್ರೀಕರು ಹೆಲೆಸ್ಪಾಂಟ್ ಎಂದು ಕರೆದರು. ಉದ್ದ ಸುಮಾರು 61 ಕಿಲೋಮೀಟರು. ಅಗಲ, ಅತಿ ಕಿರಿದಾದ ಎಡೆಯಲ್ಲಿ, ಸುಮಾರು 1,200 ಮೀಟರು. ಕನ್ನಡದ ಓದುಗರಿಗೆ ಈ ನೀರು ತೀರ ಅಪರಿಚಿತವಾದುದೇನಲ್ಲ. ಈಸ್ಕಿಲಸನ ನಾಟಕವೊಂದನ್ನು ಬಿ.ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂದು ನಮ್ಮ ಭಾಷೆಗೆ ತಂದರಷ್ಟೆ. ಆ ನಾಟಕದ ದೊರೆ ಕ್ಸೆರ್ಕ್ಸಿಸ್ ಕ್ರಿ.ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಹೊರಟಾಗ, ದೋಣಿಗಳನ್ನು ಸಾಲಾಗಿ ಬಿಗಿದು ಸೇತುವೆ ಮಾಡಿ ದಾಟಿದುದು ಇದೇ ನೀರನ್ನು. ಮೊದಲು ಕಟ್ಟಿದ ಸೇತುವೆಯನ್ನು ಬಿರುಗಾಳಿ ಒಡೆದುಹಾಕಿತು. ಸಿಟ್ಟಿಗೆದ್ದ ದೊರೆ ಕಡಲಿಗೆ ಮುನ್ನೂರು ಛಡಿಯೇಟು ಹೊಡೆಸಿದನೆಂದು ಹೆರೊಡೊಟಸ್ ಬರೆಯುತ್ತಾನೆ. ಈಗ 2022ರ ಮಾರ್ಚಿಯಿಂದ ಅದೇ ಜಲಸಂಧಿಯ ಮೇಲೆ ದೊಡ್ಡ ತೂಗುಸೇತುವೆಯೊಂದು ನಿಂತಿದೆ. ಯಾರೂ ಕಡಲನ್ನು ಹೊಡೆಸುವ ಪ್ರಮೇಯವಿಲ್ಲ.

ದೊರೆ ಸೇತುವೆಯ ಮೇಲೆ ದಾಟಿದ ನೀರನ್ನು ಪ್ರೇಮಿಯೊಬ್ಬ ಈಜಿ ದಾಟಿದ ಎಂಬುದು ಇನ್ನೊಂದು ಕಥೆ. ನಾನು ಇಲ್ಲಿ ಹೇಳಹೊರಟಿರುವುದು ಆ ಕಥೆಯ ವಿಷಯವನ್ನು, ಮತ್ತು ಆ ಕಥೆಯಿಂದ ಹೊರಟು ಇಂದಿನವರೆಗೆ ಹರಿದುಬಂದಿರುವ ಒಂದು ತಿಳಿವಳಿಕೆಯ ವಿಷಯವನ್ನು. ತೆರೆದ ನೀರಿನಲ್ಲಿ ಈಜುವವನಿಗೆ ದಾರಿ ತೋರಿಸುವುದು ಹೇಗೆ? ಅವನನ್ನು ಜೀವಸಹಿತ ದಡ ಸೇರಿಸುವುದು ಹೇಗೆ? ಈಜು ಸ್ಪರ್ಧೆಗಳನ್ನು ಏರ್ಪಡಿಸುವವರು ಸ್ಪರ್ಧಾಳುಗಳ ಕೈಗೆ ಕೊಡುವ ಸೂಚನೆಗಳು ಸಾಹಿತ್ಯದ ಅಧ್ಯಾಪಕನಿಗೆ ರುಚಿಸುವಂಥವಲ್ಲ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಂದೊಂದು ಸೂಚನೆಯನ್ನೂ ಹಿಡಿದು ಹಿಂದಕ್ಕೆ ನಡೆದರೆ ಯಾವುದೋ ಒಂದು ಹೆಸರು, ಯಾವುದೋ ಒಂದು ರಾತ್ರಿ ಎದುರಾಗುತ್ತದೆ. ಹಳೆಗನ್ನಡದ ಪಾಠಗಳಿಗೆ ಟಿಪ್ಪಣಿ ಬರೆಯುತ್ತ ಆಯುಷ್ಯ ಕಳೆದ ನನಗೆ ಇದು ಪರಿಚಿತವಾದ ಕೆಲಸವೇ.

ಕಥೆ ಸರಳವಾದದ್ದು. ಏಷ್ಯಾದ ದಡದಲ್ಲಿ ಅಬೈಡಾಸ್ ಎಂಬ ಊರು. ಯೂರೋಪಿನ ದಡದಲ್ಲಿ ಸೆಸ್ಟಾಸ್. ಸೆಸ್ಟಾಸಿನ ಒಂದು ಗೋಪುರದಲ್ಲಿ ಪ್ರೇಮದೇವತೆಯ ಅರ್ಚಕಿ ಹೀರೊ ವಾಸವಾಗಿದ್ದಳು. (ನಮ್ಮ ಸಿನಿಮಾ ಮಾತಿನ 'ಹೀರೊ' ಬೇರೆ; ಈಕೆ ಹೆಣ್ಣು.) ಅಬೈಡಾಸಿನ ತರುಣ ಲಿಯಾಂಡರ್ ಪ್ರತಿರಾತ್ರಿ ಈಜಿ ಅವಳಲ್ಲಿಗೆ ಹೋಗುತ್ತಿದ್ದ, ಬೆಳಗಾಗುವ ಮುನ್ನ ಈಜಿ ಮರಳುತ್ತಿದ್ದ. ಅವನಿಗೆ ದಿಕ್ಕು ತಿಳಿಯಲೆಂದು ಅವಳು ಗೋಪುರದ ಮೇಲೆ ದೀಪ ಹಚ್ಚಿಡುತ್ತಿದ್ದಳು. ಚಳಿಗಾಲ ಬಂತು. ಒಂದು ರಾತ್ರಿ ಬಿರುಗಾಳಿ ದೀಪವನ್ನು ಆರಿಸಿತು. ಮರುದಿನ ಬೆಳಗ್ಗೆ ಗೋಪುರದ ಬುಡದಲ್ಲಿ ಅವನ ದೇಹವನ್ನು ಕಂಡು ಹೀರೊ ಮೇಲಿನಿಂದ ಧುಮುಕಿದಳು. ರೋಮಿನ ಓವಿಡ್ ಈ ಇಬ್ಬರ ಹೆಸರಿನಲ್ಲಿ ಎರಡು ಪದ್ಯಪತ್ರಗಳನ್ನು ಬರೆದ. ಮುಂದೆ ಮ್ಯೂಸಿಯಸ್ ಎಂಬ ಗ್ರೀಕ್ ಕವಿ ಇಡೀ ಕಥೆಯನ್ನು ಸಣ್ಣ ಕಾವ್ಯವಾಗಿ ಹಾಡಿದ. ಇಂಗ್ಲಿಷಿನಲ್ಲಿ ಮಾರ್ಲೊ ಅರ್ಧಕ್ಕೆ ನಿಲ್ಲಿಸಿದ ಕಾವ್ಯ ಅವನು ಸತ್ತ ಮೇಲೆ 1598ರಲ್ಲಿ ಅಚ್ಚಾಯಿತು.

ವಿಮರ್ಶಕರು ದೀಪವನ್ನು ಪ್ರೇಮದ ಸಂಕೇತವೆಂದು ಓದುತ್ತ ಬಂದಿದ್ದಾರೆ. ಇರಲಿ. ಆದರೆ ಅದು ಮೊದಲಿಗೆ ಒಂದು ದೀಪ, ಈಜುಗಾರನ ಗುರಿ. ನೀರಿನ ಮಟ್ಟದಲ್ಲಿ ಮನುಷ್ಯನ ಕಣ್ಣು ಇರುವುದು ಕೆಲವೇ ಅಂಗುಲ ಎತ್ತರದಲ್ಲಿ. ಒಂದು ಮೊಳದ ಅಲೆ ಎದ್ದರೂ ಎದುರು ದಡ ಮರೆಯಾಗುತ್ತದೆ. ಗುರಿಯಿಲ್ಲದೆ ಈಜಿದರೆ ನೇರ ಹೋಗುತ್ತಿದ್ದೇನೆಂಬ ಭ್ರಮೆಯಲ್ಲೇ ಮನುಷ್ಯ ಒಂದು ಮಗ್ಗುಲಿಗೆ ಬಾಗುತ್ತಾನೆ. ಆದ್ದರಿಂದಲೇ ಇಂದಿನ ತರಬೇತಿಯಲ್ಲಿ ಮೊದಲ ಪಾಠ, ಕೆಲವು ಕೈಬೀಸುಗಳಿಗೊಮ್ಮೆ ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನಿಂದ ಮೇಲೆತ್ತಿ ಮುಂದಿನ ಗುರುತನ್ನು ನೋಡಿಕೊಳ್ಳುವುದು. ತಲೆಯನ್ನು ಪೂರ ಎತ್ತಿದರೆ ಸೊಂಟ ಮುಳುಗುತ್ತದೆ, ವೇಗ ಕುಂದುತ್ತದೆ. ಗುರುತಿಗಾಗಿ ನೀರಿನ ಮೇಲೆ ಕಿತ್ತಳೆ ಅಥವಾ ಹಳದಿ ಬಣ್ಣದ ದೊಡ್ಡ ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸುತ್ತಾರೆ. ಬುರುಡೆ ಕಾಣದಿದ್ದರೆ ಅದರ ಹಿಂದೆ ದಡದಲ್ಲಿರುವ ಎತ್ತರದ ವಸ್ತುವೊಂದನ್ನು, ಒಂದು ಮಸೀದಿಯ ಮಿನಾರನ್ನೋ ಗುಡ್ಡದ ನೆತ್ತಿಯನ್ನೋ, ಮೊದಲೇ ನೋಡಿಟ್ಟುಕೊಳ್ಳಬೇಕು. ಬೆಳಗಿನ ಸೂರ್ಯ ಎದುರಿಗೆ ಬರುವ ಹಾಗೆ ದಾರಿ ಹಾಕಿದರೆ ಬುರುಡೆಯೂ ಕಾಣದು, ಮಿನಾರೂ ಕಾಣದು; ನಿಯಮ ಬಲ್ಲವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹೀರೊ ದೀಪವನ್ನು ನೀರಂಚಿನಲ್ಲಿಡದೆ ಗೋಪುರದ ಮೇಲಿಟ್ಟದ್ದು ಸರಿಯಾದ ಕೆಲಸ. ಅವಳ ದೋಷವೆಂದರೆ ಒಂದೇ ದೀಪವನ್ನು ನಂಬಿದ್ದು, ಮತ್ತು ಆ ರಾತ್ರಿ ಬರಬೇಡವೆಂದು ಹೇಳಿ ಕಳುಹಿಸಲು ಯಾರೂ ಇರದಿದ್ದುದು.

ಗಾಳಿಗಿಂತ ದೊಡ್ಡ ಶತ್ರು ಅಲ್ಲಿ ಸೆಳವು. ಕಪ್ಪು ಸಮುದ್ರಕ್ಕೆ ಡ್ಯಾನ್ಯೂಬ್, ನೀಪರ್ ಮೊದಲಾದ ಮಹಾನದಿಗಳು ನೀರು ತಂದು ಸುರಿಯುತ್ತವೆ. ಹೆಚ್ಚಾದ ನೀರು ಬಾಸ್ಫೊರಸ್, ಮಾರ್ಮರಾ, ಡಾರ್ಡನೆಲ್ಸ್‌ಗಳ ಮೂಲಕ ಮೆಡಿಟರೇನಿಯನ್ನಿನ ಕಡೆಗೆ ಇಳಿಯುತ್ತದೆ. ಅದು ಉಪ್ಪು ಕಡಿಮೆಯಾದ, ಹಗುರವಾದ ನೀರು, ಮೇಲ್ಪದರದಲ್ಲಿ ಹರಿಯುತ್ತದೆ. ಅದರ ತಳದಲ್ಲಿ ಭಾರವಾದ ಉಪ್ಪುನೀರು ತದ್ವಿರುದ್ಧವಾಗಿ ಕಪ್ಪು ಸಮುದ್ರದ ಕಡೆಗೆ ಹೋಗುತ್ತದೆ. ಈ ಎರಡಂತಸ್ತಿನ ಹರಿವನ್ನು ಬಾಸ್ಫೊರಸ್ಸಿನಲ್ಲಿ ಅಳೆದು ತೋರಿಸಿದವನು ಇಟಲಿಯ ಮಾರ್ಸಿಲಿ; 1681ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಬಿಳಿಯ ಬಣ್ಣ ಬಳಿದ ಬೆಂಡುಗಳನ್ನು ಹಗ್ಗಕ್ಕೆ ಕಟ್ಟಿ ಆಳಕ್ಕೆ ಇಳಿಬಿಟ್ಟು, ಅವು ಯಾವ ಕಡೆಗೆ ವಾಲುತ್ತವೆಂದು ದೋಣಿಯಿಂದ ನೋಡಿದ. ಅಲ್ಲಿನ ಬೆಸ್ತರಿಗೆ ಅದು ಮೊದಲೇ ಗೊತ್ತಿತ್ತು. ಅವರ ಮಾತೇ ಅವನಿಗೆ ಸುಳಿವು.

ಈಜುಗಾರನಿಗೆ ಬೇಕಾದುದು ಮೇಲಿನ ಅಂತಸ್ತಿನ ಸುದ್ದಿ. ಅದನ್ನು ಬರೆದಿಟ್ಟವನು ಎರಡು ಸಾವಿರ ವರ್ಷಗಳ ಹಿಂದಿನ ಭೂಗೋಳಕಾರ ಸ್ಟ್ರೇಬೊ. ಅವನ ಗ್ರಂಥದ ಹದಿಮೂರನೆಯ ಭಾಗದಲ್ಲಿ ಈ ಜಲಸಂಧಿಯನ್ನು ದಾಟುವ ಬಗೆಯ ವಿವರವಿದೆ. ಸೆಸ್ಟಾಸಿನಿಂದ ಬರುವವರಿಗೆ ದಾಟುವುದು ಸುಲಭ. ಮೊದಲು ಹೀರೋಳ ಗೋಪುರದ ಕಡೆಗೆ ಸ್ವಲ್ಪ ಸರಿದು, ಅಲ್ಲಿಂದ ಸೆಳವಿನ ಜೊತೆಯಲ್ಲಿ ಹಡಗನ್ನು ಬಿಟ್ಟರೆ ಸಾಕು. ಅಬೈಡಾಸಿನಿಂದ ಹೊರಡುವವರು ಮಾತ್ರ ಮೊದಲು ದಡದ ಗುಂಟವೇ ಎಂಟು ಸ್ಟೇಡಿಯ, ಎಂದರೆ ಸುಮಾರು ಒಂದೂವರೆ ಕಿಲೋಮೀಟರು, ಮೇಲಕ್ಕೆ ಹೋಗಬೇಕು; ಆಮೇಲೆ ಸೆಳವಿಗೆ ಪೂರ್ತಿ ಎದುರಾಗದಂತೆ ಓರೆಯಾಗಿ ದಾಟಬೇಕು. ಸ್ಟ್ರೇಬೊ ಹೀರೋಳ ಗೋಪುರವನ್ನು ಹೆಸರಿಸುವುದು ಕಾವ್ಯದ ನೆನಪಿಗಾಗಿ ಅಲ್ಲ, ಅದೊಂದು ದಾರಿಗುರುತು. ತೆರೆದ ನೀರಿನ ದಾರಿಸೂಚನೆ ಎಂಬ ಬರವಣಿಗೆಯ ಪ್ರಕಾರಕ್ಕೆ ಇದಕ್ಕಿಂತ ಒಳ್ಳೆಯ ಹಳೆಯ ಮಾದರಿಯನ್ನು ನಾನು ಓದಿಲ್ಲ.

ತುಂಗಭದ್ರೆಯ ದಡದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆ ತುಂಬಿ ಹರಿಯುವಾಗ ಅಂಬಿಗ ಹರಿಗೋಲನ್ನು ದಡದ ಗುಂಟ ಮೇಲಕ್ಕೆ ಒಯ್ದು, ಅಲ್ಲಿಂದ ನೀರಿಗೆ ಬಿಡುತ್ತಾನೆ; ಹೊಳೆ ಅವನನ್ನು ಕೆಳಕ್ಕೆ ತಳ್ಳುತ್ತ ತಳ್ಳುತ್ತ ಎದುರುದಡದ ಸರಿಯಾದ ಜಾಗಕ್ಕೆ ತಂದು ಮುಟ್ಟಿಸುತ್ತದೆ. ದಡದ ಹತ್ತಿರ ಸೆಳವು ಸಡಿಲ, ನಡುನೀರಿನಲ್ಲಿ ಬಿಗಿ. ಸ್ಟ್ರೇಬೊವಿನ ಎಂಟು ಸ್ಟೇಡಿಯದ ಗುಟ್ಟು ಇಷ್ಟೇ.

ಇನ್ನು ಬೈರನ್. 1810ರ ಏಪ್ರಿಲಿನಲ್ಲಿ, 22 ವರ್ಷದ ಈ ಕವಿ ಸಾಲ್ಸೆಟ್ ಎಂಬ ಯುದ್ಧನೌಕೆಯಲ್ಲಿ ಪ್ರಯಾಣ ಮಾಡುತ್ತಿದ್ದಾಗ ನೌಕೆ ಈ ಜಲಸಂಧಿಯ ಬಾಯಲ್ಲಿ ಅನುಮತಿಗಾಗಿ ಕಾಯುತ್ತ ನಿಂತಿತು. ಕಥೆಯನ್ನು ಪರೀಕ್ಷಿಸುವ ಹುರುಪು ಅವನಿಗೆ. ಏಪ್ರಿಲಿನ ಮೊದಲ ಯತ್ನ ಚಳಿಗೂ ಸೆಳವಿಗೂ ಸೋತು ನಿಂತಿತು. ಮೇ 3ರಂದು ಲೆಫ್ಟಿನೆಂಟ್ ಎಕನ್‌ಹೆಡ್ ಜೊತೆಗೆ ಸೆಸ್ಟಾಸಿನ ಕಡೆಯಿಂದ ಇಳಿದು ಒಂದು ಗಂಟೆ ಹತ್ತು ನಿಮಿಷದಲ್ಲಿ ಏಷ್ಯಾದ ದಡ ಮುಟ್ಟಿದ. ಎಕನ್‌ಹೆಡ್ ಐದು ನಿಮಿಷ ಮೊದಲೇ ಮುಟ್ಟಿದ್ದ. ನೇರ ಅಗಲ ಒಂದು ಮೈಲಿ. ಆದರೆ ಸೆಳವು ಒಯ್ದ ದೂರವನ್ನೂ ಸೇರಿಸಿ ಅವರು ಕ್ರಮಿಸಿದ್ದು ನಾಲ್ಕು ಮೈಲಿಗೂ ಮಿಗಿಲೆಂದು ನೌಕೆಯವರು ಲೆಕ್ಕ ಹಾಕಿದರು. ಹುಟ್ಟಿನಿಂದಲೇ ಒಂದು ಪಾದ ಊನವಾಗಿದ್ದವನು ಬೈರನ್. ನೆಲದ ಮೇಲೆ ಕುಂಟುತ್ತಿದ್ದವನಿಗೆ ನೀರಿನಲ್ಲಿ ಸಮಾನತೆ ದೊರೆಯುತ್ತಿತ್ತು. ಆರು ದಿನಗಳ ನಂತರದ ತಾರೀಖಿನ ತಮಾಷೆಯ ಪದ್ಯವೊಂದರಲ್ಲಿ ಲಿಯಾಂಡರನಿಗೆ ನೀರು, ತನಗೆ ಚಳಿಜ್ವರ ಎಂಬಂತೆ ನಕ್ಕುಬಿಟ್ಟಿದ್ದಾನೆ. ಆದರೆ ಪದ್ಯಕ್ಕಿಂತ ಅದರ ಅಡಿಟಿಪ್ಪಣಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಸಮಯ, ದೂರ, ಸೆಳವು, ಹಿಮ ಕರಗಿ ಬಂದ ನೀರಿನ ತಣ್ಪು, ಮೊದಲ ಯತ್ನದ ಸೋಲು, ಎಲ್ಲವೂ ಅದರಲ್ಲಿದೆ. ಮುಂದೆ ಈಜುವವನಿಗೆ ಬೇಕಾದುದೂ ಅದೇ.

ಇದಕ್ಕೊಂದು ವಾದವೂ ಹುಟ್ಟಿತು. ವಿಲಿಯಂ ಟರ್ನರ್ ಎಂಬ ಪ್ರವಾಸಿ ಏಷ್ಯಾದ ದಡದಿಂದ ಯೂರೋಪಿನ ಕಡೆಗೆ ಈಜಲು ಹೋಗಿ ಸೋತ. ಲಿಯಾಂಡರ್ ಈಜಿದ ಕಷ್ಟದ ದಿಕ್ಕನ್ನು ಬಿಟ್ಟು ಬೈರನ್ ಸುಲಭದ ದಿಕ್ಕಿನಲ್ಲಿ ಈಜಿದನೆಂದು 1820ರ ತನ್ನ ಪುಸ್ತಕದಲ್ಲಿ ಬರೆದ. ಬೈರನ್ ಕೆರಳಿ, 1821ರಲ್ಲಿ ತನ್ನ ಪ್ರಕಾಶಕ ಮರ್ರೇಗೆ ದೀರ್ಘವಾದ ಉತ್ತರ ಬರೆದ. ಕವಿಯ ಪಕ್ಷ ವಹಿಸುವುದು ನಮ್ಮಂಥವರ ಅಭ್ಯಾಸ. ಆದರೂ ಸ್ಟ್ರೇಬೊವನ್ನು ಓದಿದ ಮೇಲೆ ಟರ್ನರನ ಮಾತನ್ನು ತಳ್ಳಿಹಾಕುವುದು ಕಷ್ಟ. ಎರಡು ದಡಗಳ ನಡುವಿನ ದೂರ ಒಂದೇ ಆದರೂ ಎರಡು ದಿಕ್ಕಿನ ದಾರಿಗಳು ಒಂದೇ ಅಲ್ಲ.

ಹೆಲೆಸ್ಪಾಂಟಿನಲ್ಲಿ ಕಲಿತ ಈ ಪಾಠವನ್ನು ಇಂಗ್ಲಿಷ್ ಕಡಲ್ಗಾಲುವೆ ಇನ್ನಷ್ಟು ಕಠಿಣವಾಗಿ ಕಲಿಸಿತು. 1875ರ ಆಗಸ್ಟ್ 24ರಂದು ಹಡಗಿನ ಕಪ್ತಾನ ಮ್ಯಾಥ್ಯೂ ವೆಬ್ ಡೋವರಿನ ಕಟ್ಟೆಯಿಂದ ನೀರಿಗೆ ಇಳಿದ. ಮೈಗೆ ಕಡಲಹಂದಿಯ ಎಣ್ಣೆ ಬಳಿದುಕೊಂಡಿದ್ದ. ಜೊತೆಯಲ್ಲಿ ದೋಣಿಗಳಿದ್ದವು, ದೋಣಿಯವರು ಆಗಾಗ ಬ್ರಾಂದಿ, ಕಾಫಿ, ಮಾಂಸದ ತಿಳಿಸಾರು ಕೊಡುತ್ತಿದ್ದರು. ಅಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಆದ್ದರಿಂದ ಈಜುಗಾರನ ದಾರಿ ಇಂಗ್ಲಿಷಿನ ಎಸ್ ಅಕ್ಷರದಂತೆ ಸೊಟ್ಟಗಾಗುತ್ತದೆ. ಫ್ರಾನ್ಸಿನ ದಡ ಕಣ್ಣೆದುರಿಗೆ ಕಾಣುತ್ತಿದ್ದರೂ ಗ್ರಿನೇ ಭೂಶಿರದ ಬಳಿಯ ಸೆಳವು ವೆಬ್‌ನನ್ನು ಸುಮಾರು ಐದು ಗಂಟೆಗಳ ಕಾಲ ದಡಕ್ಕೆ ಬಿಡಲಿಲ್ಲ. ಒಟ್ಟು 21 ಗಂಟೆ 45 ನಿಮಿಷ. ನೇರ ದೂರ 21 ಮೈಲಿ, ಈಜಿದ್ದು 39 ಮೈಲಿ ಎಂದು ಲೆಕ್ಕ. ಅವನ ನಂತರ ಯಶಸ್ವಿಯಾದ ಎರಡನೆಯವನು 1911ರವರೆಗೆ ಬರಲಿಲ್ಲ. ವೆಬ್ ಮಾತ್ರ ಎಂಟು ವರ್ಷಗಳ ಮೇಲೆ, 1883ರ ಜುಲೈ 24ರಂದು, ನಯಾಗರಾ ಜಲಪಾತದ ಕೆಳಗಿನ ಸುಳಿಗಳನ್ನು ಈಜಿ ದಾಟುತ್ತೇನೆಂದು ಹೋಗಿ ಸತ್ತ. ಕಡಲಿನಲ್ಲಿ ಅವನ ಬೆನ್ನಿಗಿದ್ದ ದೋಣಿ ಆ ಸುಳಿಗಳಲ್ಲಿ ಬರುವಂತಿರಲಿಲ್ಲ. ಜೊತೆಗೆ ದೋಣಿ ಹೋಗಲಾರದ ನೀರಿಗೆ ಈಜುಗಾರನನ್ನು ಬಿಡಬಾರದೆಂಬ ನಿಯಮಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ದೋಣಿಯಲ್ಲಿ ಒಬ್ಬ ಸಾಕ್ಷಿ ಕುಳಿತಿರಬೇಕು ಎಂಬ ನಿಯಮ ಬಂದ ಬಗೆ ಸ್ವಾರಸ್ಯದ್ದು. 1926ರ ಆಗಸ್ಟ್ 6ರಂದು ಅಮೆರಿಕದ ಗರ್ಟ್ರೂಡ್ ಎಡರ್ಲೆ ಈ ಕಾಲುವೆ ದಾಟಿದ ಮೊದಲ ಹೆಣ್ಣುಮಗಳಾದಳು, ಅದೂ ಅದುವರೆಗಿನ ಎಲ್ಲ ಗಂಡಸರಿಗಿಂತ ಬೇಗ. ಹಿಂದಿನ ವರ್ಷ ಅವಳ ಯತ್ನ ಮುರಿದುಬಿದ್ದದ್ದು ದೋಣಿಯ ಕಡೆಯವರು ಅವಳನ್ನು ಮುಟ್ಟಿಬಿಟ್ಟದ್ದರಿಂದ. ಮುಟ್ಟಿದರೆ ಈಜು ಮುಗಿದ ಹಾಗೆ. 1927ರ ಅಕ್ಟೋಬರಿನಲ್ಲಿ ಡೊರೊಥಿ ಲೋಗನ್ ಎಂಬ ವೈದ್ಯೆ ತಾನೂ ದಾಟಿದೆನೆಂದು ಸಾರಿ ಪತ್ರಿಕೆಯೊಂದರ ಬಹುಮಾನ ಪಡೆದು, ಆಮೇಲೆ ಅದೆಲ್ಲ ಸುಳ್ಳು, ಸುಳ್ಳು ಹೇಳುವುದು ಎಷ್ಟು ಸುಲಭವೆಂದು ತೋರಿಸಲು ಹೀಗೆ ಮಾಡಿದೆ ಎಂದುಬಿಟ್ಟಳು. ಇದರ ಹೊಡೆತ ಬಿದ್ದದ್ದು ಮರ್ಸಿಡಿಸ್ ಗ್ಲೈಟ್ಸ್ ಎಂಬ ಬೆರಳಚ್ಚುಗಾರ್ತಿಯ ಮೇಲೆ. ಅದೇ ತಿಂಗಳ 7ರಂದು ಅವಳು ನಿಜವಾಗಿ ದಾಟಿದ್ದಳು. ಈಗ ಯಾರೂ ನಂಬಲೊಲ್ಲರು. 21ರಂದು, ನೀರು ಇನ್ನೂ ತಣ್ಣಗಾಗಿರುವಾಗ, ಅವಳು ಎಲ್ಲರ ಕಣ್ಣೆದುರಿಗೆ ಮತ್ತೆ ಇಳಿದಳು. ದಾಟಲಾಗಲಿಲ್ಲ. ಚಳಿಯಿಂದ ಮರವಟ್ಟ ಅವಳನ್ನು ಹತ್ತು ಗಂಟೆಗಳ ಮೇಲೆ ದೋಣಿಗೆ ಎತ್ತಿಕೊಂಡರು. ಅವಳ ಧೈರ್ಯವನ್ನು ಕಂಡವರು ಅವಳ ಮಾತನ್ನು ನಂಬಿದರು. ಅದೇ ವರ್ಷ ಕಡಲ್ಗಾಲುವೆ ಈಜಿನ ಸಂಘವೊಂದು ಹುಟ್ಟಿ, ಸಾಕ್ಷಿ, ದಾಖಲೆ, ನಿಯಮಗಳ ಪದ್ಧತಿ ನೆಲೆಗೊಂಡಿತು. ಸಾಕ್ಷಿ ಹುಟ್ಟಿದ್ದು ಸುಳ್ಳನ್ನು ತಡೆಯಲು. ಈಜುಗಾರನ ಮುಖವನ್ನು ಗಂಟೆಗಟ್ಟಲೆ ನೋಡುತ್ತ ಕೂಡುವ ಒಬ್ಬ ಮನುಷ್ಯನಿರುವುದು ಜೀವ ಉಳಿಸುವ ಉಪಾಯವೂ ಆಯಿತು.

ಚಳಿ ಎಂದೆನಲ್ಲ, ಅದರ ವಿಷಯ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು ಇಪ್ಪತ್ತೈದು ಪಾಲು ಬೇಗ ಸೆಳೆದುಕೊಳ್ಳುತ್ತದೆ. ಚಳಿ ಏರಿದವನಿಗೆ ಮೊದಲು ಕೈ ಬೆರಳು ಅಗಲುತ್ತದೆ, ಮಾತು ತೊದಲುತ್ತದೆ, ಆಮೇಲೆ ವಿವೇಚನೆ ಹೋಗುತ್ತದೆ; ತಾನು ಸರಿಯಾಗಿದ್ದೇನೆಂದು ಹೇಳುತ್ತಲೇ ಮುಳುಗುತ್ತಾನೆ. ನೀರಿನಿಂದ ಮೇಲೆ ಬಂದ ಮೇಲೂ ಒಳಮೈಯ ಶಾಖ ಕೆಲಕಾಲ ಇಳಿಯುತ್ತಲೇ ಇರುತ್ತದೆ. ಇದನ್ನೆಲ್ಲ ಕ್ರಮವಾಗಿ ಅಭ್ಯಾಸ ಮಾಡಿದವರಲ್ಲಿ ಒಬ್ಬ ಗ್ರಿಫಿತ್ ಪ್ಯೂ. 1953ರ ಎವರೆಸ್ಟ್ ತಂಡದ ಜೊತೆಯಲ್ಲಿದ್ದ ಶರೀರಶಾಸ್ತ್ರಜ್ಞನೇ ಅವನು. ಎಡ್‌ಹೋಮ್ ಜೊತೆಗೂಡಿ ಕಡಲ್ಗಾಲುವೆ ಈಜುಗಾರರನ್ನು ಕುರಿತು 1955ರಲ್ಲಿ ಪ್ರಬಂಧ ಪ್ರಕಟಿಸಿದ. ಚರ್ಮದಡಿಯ ಕೊಬ್ಬು ಎಷ್ಟು ದೊಡ್ಡ ರಕ್ಷೆಯೆಂದು ಆ ಪ್ರಬಂಧ ತೋರಿಸಿತು. ಅವರು ಪರೀಕ್ಷಿಸಿದ ಈಜುಗಾರರಲ್ಲಿ ಜೇಸನ್ ಜಿರ್ಗಾನೊಸ್ ಎಂಬ ಗ್ರೀಕ್ ಸೇನಾಧಿಕಾರಿಯಿದ್ದ. ದಪ್ಪ ಮೈಯವನು, ಚಳಿಗೆ ಅಂಜದವನು. 1959ರಲ್ಲಿ ಐರ್ಲೆಂಡ್-ಸ್ಕಾಟ್ಲೆಂಡುಗಳ ನಡುವಣ ಕಡಲನ್ನು ಈಜುತ್ತಿದ್ದಾಗ ಗುರಿಗೆ ಕೆಲವೇ ಮೈಲಿಗಳಿರುವಾಗ ಅವನು ಪ್ರಾಣಬಿಟ್ಟ. ಲೆಕ್ಕಕ್ಕೆ ಸಿಕ್ಕ ಮೈಯೂ ಲೆಕ್ಕವನ್ನು ಮೀರಿದ ನೀರೂ ಒಂದಕ್ಕೊಂದು ಎದುರಾದದ್ದು ಹಾಗೆ.

ಚಳಿಯೊಂದೇ ಅಪಾಯವೆಂದು ಲೋಕ ನಂಬಿತ್ತು. ಆ ನಂಬಿಕೆ ಒಡೆದದ್ದು ನಮಗೆ ಹತ್ತಿರದ ಅರಬ್ಬೀ ನಾಡಿನಲ್ಲಿ, 2010ರ ಅಕ್ಟೋಬರ್ 23ರಂದು. ಫುಜೈರಾದ ಕಡಲಿನಲ್ಲಿ 10 ಕಿಲೋಮೀಟರಿನ ವಿಶ್ವಕಪ್ ಸ್ಪರ್ಧೆ. ಅಮೆರಿಕದ ಫ್ರಾನ್ ಕ್ರಿಪನ್‌ಗೆ 26 ವರ್ಷ. ಹಿಂದಿನ ವರ್ಷ ರೋಮಿನ ವಿಶ್ವ ಸ್ಪರ್ಧೆಯಲ್ಲಿ ಕಂಚು ಗೆದ್ದಿದ್ದವನು. ನೀರು ಬಿಸಿ, ಗಾಳಿ ಅದಕ್ಕಿಂತ ಬಿಸಿ. ನೆಲದ ಮೇಲೆ ಓಡುವವನು ಬೆವರುತ್ತಾನೆ, ಬೆವರು ಆರುತ್ತದೆ, ಮೈ ತಣಿಯುತ್ತದೆ. ನೀರಿನಲ್ಲಿರುವವನ ಬೆವರು ಆರುವುದೆಲ್ಲಿ? ಬಿಸಿ ನೀರಿನಲ್ಲಿ ಎರಡು ಗಂಟೆ ಮೈಮುರಿದು ಈಜಿದರೆ ಒಳಗೆ ಹುಟ್ಟಿದ ಶಾಖ ಒಳಗೇ ಉಳಿಯುತ್ತದೆ. ಸ್ಪರ್ಧೆ ಮುಗಿಯಿತು, ಗೆದ್ದವರು ದಡಕ್ಕೆ ಬಂದರು, ಕ್ರಿಪನ್ ಬಂದಿಲ್ಲವೆಂದು ಮೊದಲು ಗಮನಿಸಿದವರು ಸಹ ಈಜುಗಾರರು. ದಣಿದ ಅವರೇ ಮತ್ತೆ ನೀರಿಗೆ ಬಿದ್ದು ಹುಡುಕಿದರು. ದೇಹ ದೊರೆತದ್ದು ಸುಮಾರು ಎರಡು ಗಂಟೆಗಳ ಮೇಲೆ. ನೀರಿನ ಮೇಲೆ ಸಾಕಷ್ಟು ಕಾವಲು ದೋಣಿಗಳಿರಲಿಲ್ಲವೆಂದು ಆ ದಿನ ಈಜಿದವರು ಹೇಳಿದರು.

ನಾನು ಈ ಘಟನೆಯನ್ನು ಓದಿದಾಗ ಮನಸ್ಸನ್ನು ಕಲಕಿದ್ದು ಸಾವಿಗಿಂತ ಆ ಎರಡು ಗಂಟೆ. ಲಿಯಾಂಡರ್ ಕತ್ತಲೆಯಲ್ಲಿ, ಒಂಟಿಯಾಗಿ, ಯಾರಿಗೂ ತಿಳಿಯದಂತೆ ಮುಳುಗಿದ. ಇವನು ಹಗಲಿನಲ್ಲಿ, ಹತ್ತಾರು ಜನರ ನಡುವೆ, ಗಡಿಯಾರ ಹಿಡಿದ ಅಧಿಕಾರಿಗಳ ಎದುರಿಗೆ ಮುಳುಗಿದ. ಅವನ ಗೋಪುರದಲ್ಲಿ ದೀಪ ಉರಿಯುತ್ತಲೇ ಇತ್ತು. ದೀಪದ ಬಳಿ ಕಾಯುವವರು ಇರಲಿಲ್ಲ.

ಆಮೇಲೆ ನಿಯಮಗಳು ಬಿಗಿಯಾದವು. ನೀರಿನ ಉಷ್ಣತೆ 16 ಡಿಗ್ರಿಗಿಂತ ಕಡಿಮೆಯೂ 31 ಡಿಗ್ರಿಗಿಂತ ಹೆಚ್ಚೂ ಇರಕೂಡದು. ಸ್ಪರ್ಧೆಯ ದಿನ, ಆರಂಭಕ್ಕೆ ಎರಡು ಗಂಟೆ ಮೊದಲು, ದಾರಿಯ ನಡುಮಧ್ಯದಲ್ಲಿ, 40 ಸೆಂಟಿಮೀಟರ್ ಆಳದಲ್ಲಿ ಅಳೆಯಬೇಕು ಎಂದು ಅಂತರರಾಷ್ಟ್ರೀಯ ಈಜು ಸಂಸ್ಥೆಯ ನಿಯಮ ಹೇಳುತ್ತದೆ. ಈ 40 ಸೆಂಟಿಮೀಟರನ್ನು ಕಂಡು ನಗಬಾರದು. ದಡದ ನೆರಳಿನಲ್ಲಿ ಒಂದು ಲೋಟ ನೀರೆತ್ತಿ ಅಳೆದು ಎಲ್ಲ ಸರಿಯಿದೆ ಎಂದು ಬರೆಯುವ ಮನುಷ್ಯಸ್ವಭಾವವನ್ನು ಬಲ್ಲವರು ಬರೆದ ವಾಕ್ಯ ಅದು. 31 ಡಿಗ್ರಿಯೂ ಹೆಚ್ಚಾಯಿತೆಂದು ವಾದಿಸುವ ಈಜುಗಾರರಿದ್ದಾರೆ. ಫುಜೈರಾದ ಸಂಗತಿಯನ್ನು ಓದಿದ ನನಗೆ ಅವರ ಮಾತೇ ಸರಿಯೆನಿಸುತ್ತದೆ. ಉಳಿದ ಸೂಚನೆಗಳೂ ಈಗ ಎಲ್ಲೆಡೆ ಒಂದೇ ಬಗೆಯವು: ಹೊಳೆಯುವ ಬಣ್ಣದ ಟೋಪಿ ಧರಿಸಬೇಕು, ಕಷ್ಟವಾದರೆ ಅಂಗಾತ ಮಲಗಿ ಒಂದು ಕೈ ಮೇಲೆತ್ತಬೇಕು, ಸ್ಪರ್ಧೆಯನ್ನು ಅರ್ಧಕ್ಕೆ ಬಿಟ್ಟವನು ತಾನು ಬಿಟ್ಟೆನೆಂದು ಅಧಿಕಾರಿಗೆ ಹೇಳದೆ ಮನೆಗೆ ಹೋಗಕೂಡದು. ನೀರಿಗಿಳಿದವರ ಎಣಿಕೆ, ಮೇಲೆ ಬಂದವರ ಎಣಿಕೆ ಸರಿಹೊಂದುವವರೆಗೆ ಸ್ಪರ್ಧೆ ಮುಗಿದಂತಲ್ಲ.

ಕೆಲವೆಡೆ ಈಜುಗಾರನ ಸೊಂಟಕ್ಕೆ ದಾರ ಕಟ್ಟಿ ಗಾಳಿ ತುಂಬಿದ ಕಿತ್ತಳೆ ಬಣ್ಣದ ಚೀಲವೊಂದನ್ನು ಹಿಂದೆ ತೇಲಿಬಿಡುವ ರೂಢಿಯಿದೆ. ದೋಣಿಯವರಿಗೆ ಕಾಣುತ್ತದೆ, ಸುಸ್ತಾದರೆ ಹಿಡಿದುಕೊಳ್ಳಬಹುದು. ಅದರ ಚಿತ್ರವನ್ನು ನೋಡಿದಾಗ ನನಗೆ ನಮ್ಮ ಊರಿನ ಕಪಿಲೆ ಬಾವಿಯೂ ಅಲ್ಲಿ ಹುಡುಗರ ಸೊಂಟಕ್ಕೆ ಕಟ್ಟುತ್ತಿದ್ದ ಒಣ ಸೋರೆಬುರುಡೆಯೂ ನೆನಪಾದವು. ನಮ್ಮ ದೊಡ್ಡಪ್ಪ ಬುರುಡೆ ಕಟ್ಟಿದ ಮೇಲೂ ಬಾವಿಯ ಮೆಟ್ಟಿಲಿನ ಮೇಲೆ ಕುಳಿತೇ ಇರುತ್ತಿದ್ದರು. ಎಲೆಯಡಿಕೆ ಹಾಕಿಕೊಳ್ಳುವಾಗಲೂ ಕಣ್ಣು ನೀರಿನ ಮೇಲೆಯೇ.

ನಮ್ಮ ದೇಶದವರೂ ಈ ದಾರಿಗಳನ್ನು ಈಜಿದ್ದಾರೆ. 1958ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಮಿಹಿರ್ ಸೇನ್ 1966ರ ಏಪ್ರಿಲಿನಲ್ಲಿ ಲಂಕೆಯ ತಲೈಮನ್ನಾರಿನಿಂದ ಧನುಷ್ಕೋಟಿಗೆ ಪಾಕ್ ಜಲಸಂಧಿಯನ್ನು ದಾಟಿದರು. ಭಾರತೀಯ ನೌಕಾಪಡೆಯ ಹಡಗುಗಳು ಜೊತೆಗಿದ್ದವು. ಅದೇ ವರ್ಷ ಸೆಪ್ಟೆಂಬರ್ 12ರಂದು ಈ ಹೆಲೆಸ್ಪಾಂಟಿನಲ್ಲೇ, ಅಡ್ಡಕ್ಕೆ ಅಲ್ಲ, ಉದ್ದಕ್ಕೆ, 13 ಗಂಟೆ 55 ನಿಮಿಷ ಈಜಿದರು. ಆರತಿ ಸಾಹಾ ಅವರ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1959ರ ಆಗಸ್ಟಿನಲ್ಲಿ ಅವರು ಕಡಲ್ಗಾಲುವೆಗೆ ಇಳಿಯಬೇಕಾದ ಹೊತ್ತಿಗೆ ದಾರಿ ತೋರುವ ದೋಣಿ 40 ನಿಮಿಷ ತಡವಾಗಿ ಬಂತು. ಸೆಳವಿನ ಸರಿಯಾದ ಗಳಿಗೆ ತಪ್ಪಿತು, ಇಂಗ್ಲೆಂಡಿನ ದಡ ಐದು ಮೈಲಿ ಇರುವಾಗ ನೀರು ತಿರುಗಿತು, ಕೈಬಿಡಬೇಕಾಯಿತು. ಸೆಪ್ಟೆಂಬರ್ 29ರಂದು ಮತ್ತೆ ಇಳಿದು 16 ಗಂಟೆ 20 ನಿಮಿಷದಲ್ಲಿ ದಾಟಿದ ಅವರು ಹಾಗೆ ದಾಟಿದ ಏಷ್ಯಾದ ಮೊದಲ ಮಹಿಳೆ. ನಲವತ್ತು ನಿಮಿಷದ ಬೆಲೆ ಒಂದು ತಿಂಗಳು.

2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ 10 ಕಿಲೋಮೀಟರ್ ಸ್ಪರ್ಧೆ ಸೀನ್ ನದಿಯಲ್ಲಿ ನಡೆಯಿತು. ನೀರು ಶುದ್ಧವೇ ಎಂಬ ವಿವಾದವೇ ಪತ್ರಿಕೆಗಳನ್ನು ತುಂಬಿತ್ತು. ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಹರಿವಿನ ಜೊತೆ ಕೆಳಗೆ ಬರುವಾಗ ಈಜುಗಾರರು ನಡುನೀರಿನಲ್ಲಿ ಬಂದರು; ಮೇಲಕ್ಕೆ ಹೋಗುವಾಗ ಒಬ್ಬರ ಹಿಂದೊಬ್ಬರು, ಕೈ ಕಲ್ಲಿಗೆ ತಾಗುವಷ್ಟು ಹತ್ತಿರ, ನದಿಯ ಕಟ್ಟೆಗೋಡೆಯ ಗುಂಟ ಹೋದರು. ಸ್ಟ್ರೇಬೊವಿನ ಎಂಟು ಸ್ಟೇಡಿಯ.

ಹೆಲೆಸ್ಪಾಂಟಿನಲ್ಲಿ ಈಗ ಪ್ರತಿವರ್ಷ ಆಗಸ್ಟ್ 30ರಂದು, ತುರ್ಕಿಯ ವಿಜಯ ದಿನದಂದು, ಈಜುಸ್ಪರ್ಧೆ ನಡೆಯುತ್ತದೆ. ಲಿಯಾಂಡರನ ಜಾಗಕ್ಕಿಂತ ತುಸು ತೆಂಕಣಕ್ಕೆ, ಯೂರೋಪಿನ ದಡದ ಎಜಿಯಾಬಾತಿನಿಂದ ಏಷ್ಯಾದ ಚನಕ್ಕಲೆಗೆ, ಸುಮಾರು ನಾಲ್ಕೂವರೆ ಕಿಲೋಮೀಟರು. ನೂರಾರು ಜನ ಒಟ್ಟಿಗೆ ಇಳಿಯುತ್ತಾರೆ. ಅವರಿಗೆ ಕೊಡುವ ಸೂಚನೆಯ ಸಾರ ಹಳೆಯದೇ: ಮುಕ್ತಾಯದ ಜಾಗವನ್ನು ನೋಡಿಕೊಂಡು ಈಜಬೇಡಿ, ಅದಕ್ಕಿಂತ ಮೇಲಿನ ಗುರುತನ್ನು ಹಿಡಿದು ಮೊದಲು ನಡುನೀರಿಗೆ ಹೋಗಿ, ಆಮೇಲೆ ಸೆಳವಿನ ಜೊತೆ ತಿರುಗಿ ಬನ್ನಿ. ಮೊದಲೇ ಗುರಿಯ ಕಡೆ ತಿರುಗಿದವರನ್ನು ನೀರು ಗುರಿಯ ಆಚೆಗೆ ಒಯ್ಯುತ್ತದೆ. ಅವರು ಮತ್ತೆ ಎದುರೀಜಿ ಬರಲಾರರು. ಲೋಕದ ಅತ್ಯಂತ ದಟ್ಟ ಹಡಗುದಾರಿಗಳಲ್ಲಿ ಒಂದು ಇದು. ದಿನಕ್ಕೆ ನೂರರಷ್ಟು ಹಡಗುಗಳು ಹಾಯುತ್ತವೆ. ಸ್ಪರ್ಧೆಗಾಗಿ ಅವನ್ನು ಸುಮಾರು ಒಂದೂವರೆ ಗಂಟೆ ತಡೆದು ನಿಲ್ಲಿಸುತ್ತಾರೆ. ಸಮಯ ಮುಗಿದಾಗ ಇನ್ನೂ ನೀರಿನಲ್ಲಿರುವವರನ್ನು ದೋಣಿಗಳು ಎತ್ತಿಕೊಳ್ಳುತ್ತವೆ. ಆಮೇಲೆ, ಮೇಲೂ ಕೆಳಗೂ ಕಾದು ನಿಂತಿದ್ದ ಎಣ್ಣೆಯ ಹಡಗುಗಳೂ ಧಾನ್ಯದ ಹಡಗುಗಳೂ ಒಂದೊಂದಾಗಿ ಲಂಗರು ಎತ್ತಿ ಹೊರಡುತ್ತವೆ.